ಪಿತ್ಸಾಳ ಲಂಗದ ಏಳು ತೇಪೆ

ನಮ್ಮ ಮೇಯರ್ ನನ್ನ ಅತ್ತೆಯ ಲಂಗದ ಅಂಚಿಗೆ ಮುತ್ತಿಟ್ಟ. ಊರ ಚೌಕದಲ್ಲಿ, ಬ್ಯಾಂಡು ಬಾರಿಸುತ್ತಿರುವಾಗ, ಟೀವಿ ಕ್ಯಾಮೆರಾಗಳ ಮುಂದೆ ಮುತ್ತಿಟ್ಟ. ಜನ ಚಪ್ಪಾಳೆ ತಟ್ಟಿದರು. ಅವನು ಮುತ್ತಿಡುತ್ತಿರುವುದು ಯಾವುದಕ್ಕೆ ಎಂದು ಆ ಚೌಕದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ನಾವು. ಊರಾಚೆ, ಕಸದ ಗುಡ್ಡದ ಬುಡದಲ್ಲಿ, ಝಂಬೀಲಾಳ ಒಡೆದ ಫೋನಿನ ಸುತ್ತ ಕೂತು ನೋಡುತ್ತಿದ್ದೆವು. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು.

ಹೇಗಾಯಿತು ಎಂದು ಹೇಳುತ್ತೇನೆ. ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಆದರೆ ನಗುವೂ ಬರುತ್ತದೆ, ಏನು ಮಾಡಲಿ.

ನಾವು ತಾಮ್ರದ ಕಡಾಯಿ ಬಡಿಯುವ ರೋಮಾ ಜನ. ನಮ್ಮವರಲ್ಲದವರನ್ನು ಗಾಜೆ ಎನ್ನುತ್ತೇವೆ. ಈ ತಿಮಾವ ಸೀಮೆಯಲ್ಲಿ ಯಾವ ಗಾಜೆಯ ಹಿತ್ತಲಿಗೆ ಹೋದರೂ ಪ್ಲಮ್ ಸಾರಾಯಿ ಕಾಯಿಸುವ ಒಂದು ಕಡಾಯಿ ಇರುತ್ತದೆ, ಅದರ ಮೈಮೇಲೆ ನಮ್ಮ ಗಂಡಸರ ಸುತ್ತಿಗೆಯ ಗುರುತಿರುತ್ತದೆ. ಕಡಾಯಿ ಅವರಿಗೆ ಬೇಕು. ನಾವು ಬೇಡ. ಚೌಕದ ಹಿಂದಿನ ಬೀದಿಯಲ್ಲಿ ನಮ್ಮ ಮನೆಗಳಿದ್ದವು. ಸದ್ದು ಜಾಸ್ತಿ, ಹೊಗೆ ಜಾಸ್ತಿ ಎಂದು ಒಂದು ಡಿಸೆಂಬರಿನಲ್ಲಿ ಪುರಸಭೆಯವರು ಲಾರಿ ತಂದರು. ನಮ್ಮನ್ನು ಹೇರಿಕೊಂಡು ಬಂದು ಕಸದ ಗುಡ್ಡದ ಪಕ್ಕ ಇಳಿಸಿದರು. ನನ್ನ ಮಂಚ ಹಿಮದಲ್ಲಿ ಬಿತ್ತು. ಈಗ ಆ ಬೀದಿಯ ತುಂಬ ಕಾಫಿ ಅಂಗಡಿಗಳು. ಒಂದಕ್ಕೆ ‘ತಾಮ್ರದ ಕಡಾಯಿ’ ಎಂದೇ ಹೆಸರು. ಒಳಗೆ ನಮ್ಮನ್ನು ಬಿಡುವುದಿಲ್ಲ.

ಇಲ್ಲಿ ನೀರಿಲ್ಲ. ಗುಡಿಸಲುಗಳ ಮುಂದೆ ಹೆದ್ದಾರಿ, ಹೆದ್ದಾರಿಯ ಆಚೆ ಬದಿಯಲ್ಲಿ ಒಂದು ನಲ್ಲಿ. ಅಷ್ಟೂ ಮನೆಗೆ ಅದೊಂದೇ. ಹೆಂಗಸರು ಬೆಳಗೆದ್ದು ಕ್ಯಾನು ಹಿಡಿದು ರಸ್ತೆ ದಾಟಬೇಕು, ತುಂಬಿಕೊಂಡು ಲಾರಿಗಳ ನಡುವೆ ವಾಪಸು ಬರಬೇಕು. ನನ್ನ ಬೆರಳುಗಳು ಈಗ ನೆಟ್ಟಗಾಗುವುದಿಲ್ಲ. ನನ್ನ ಅತ್ತೆ ಪಿತ್ಸಾಳ ಬೆನ್ನು ಬಾಗಿಹೋಗಿದೆ. ವಯಸ್ಸಿನಿಂದ ಎಂದು ಡಾಕ್ಟರು ಹೇಳಿದ. ಅವನು ಒಂದು ದಿನವೂ ನೀರು ಹೊತ್ತವನಲ್ಲ.

ಇಂಥ ಊರಿಗೆ ಒಂದು ಆಸೆ ಹುಟ್ಟಿತು. ‘ಯುರೋಪಿನ ಸಾಂಸ್ಕೃತಿಕ ರಾಜಧಾನಿ’ ಎಂಬ ಬಿರುದು ತಿಮಾವ ಸೀಮೆಗೆ ಸಿಗಬೇಕಂತೆ. ಸಿಕ್ಕರೆ ವರ್ಷವಿಡೀ ಹಾಡು, ಕುಣಿತ, ಹೊರಗಿನ ಜನ, ಹೊರಗಿನ ದುಡ್ಡು. ಸ್ಪರ್ಧೆಗೆ ಇಳಿಯುವ ಮೊದಲು ಒಂದು ಲಾಂಛನ ಬೇಕು. ಬಾವುಟಕ್ಕೆ, ಟೋಪಿಗೆ, ಕಾಫಿ ಕಪ್ಪಿಗೆ, ಬಸ್ಸಿನ ಮೈಗೆ, ಎಲ್ಲಕ್ಕೂ ಅಂಟಿಸಲು ಒಂದೇ ಚಿತ್ರ. ನೋಡಿದ ಕೂಡಲೇ ಇದು ತಿಮಾವ ಎಂದು ಜನ ಗುರುತಿಸಬೇಕು. ಅದಕ್ಕಾಗಿ ದೇಶದ ರಾಜಧಾನಿ ಬುಕಾರೆಸ್ಟಿನಿಂದ ಹೋರಿಯಾ ಎಂಬ ಡಿಸೈನರನ್ನು ಕರೆಸಿದರು.

ಹೋರಿಯಾ ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ ಹಾಕಿಕೊಂಡು ಬಂದ. ಜೊತೆಯಲ್ಲಿ ಪುರಸಭೆಯ ಸಂಸ್ಕೃತಿ ವಿಭಾಗದ ಸ್ಮರಾಂದಾ ಮೇಡಂ, ಮೂಗಿಗೆ ರೇಷ್ಮೆ ವಸ್ತ್ರ ಒತ್ತಿಕೊಂಡು.

“ಏನಾದ್ರೂ ಅಪ್ಪಟವಾದ್ದು ಬೇಕು ನನಗೆ,” ಎಂದ ಹೋರಿಯಾ. “ಯಾರೂ ಕೂತು ಬರೆದಿರಬಾರದು. ತಾನಾಗೇ ಹುಟ್ಟಿರಬೇಕು.”

“ಇಲ್ಲಿ ತಾನಾಗೇ ಹುಟ್ಟೋದು ಹೆಗ್ಗಣ ಒಂದೇ ಕಣಪ್ಪ,” ಎಂದಳು ಝಂಬೀಲಾ. ಅವಳು ನನ್ನ ಪಕ್ಕದ ಗುಡಿಸಲಿನವಳು, ಬಾಯಿ ಸುಮ್ಮನಿರುವುದಿಲ್ಲ.

ಅವನು ಕೇಳಿಸಿಕೊಳ್ಳಲಿಲ್ಲ. ಗುಡಿಸಲುಗಳ ಹಿಂದಕ್ಕೆ ಹೋದ. ಅಲ್ಲಿ ತಗ್ಗಿನ ಬೇಲಿಯ ಮೇಲೆ ನಮ್ಮ ಲಂಗಗಳು ಒಣಗುತ್ತಿದ್ದವು.

ನಮ್ಮಲ್ಲಿ ಹೆಂಗಸಿನ ಸೊಂಟದಿಂದ ಕೆಳಗೆ ಮೈಲಿಗೆ. ಲಂಗ ಒಗೆಯುವ ಬೋಗುಣಿ ಬೇರೆ, ರವಿಕೆ ಒಗೆಯುವ ಬೋಗುಣಿ ಬೇರೆ. ಲಂಗವನ್ನು ಗಂಡಸರು ಓಡಾಡುವ ಕಡೆ ಒಣಹಾಕುವಂತಿಲ್ಲ. ತೂಗುವ ಲಂಗದ ಕೆಳಗೆ ಗಂಡಸು ನುಸುಳಿದರೆ ಅವನೂ ಮೈಲಿಗೆ. ಪಂಚಾಯಿತಿ ಕೂತು ಶುದ್ಧ ಮಾಡುವವರೆಗೆ ಅವನ ಜೊತೆ ಯಾರೂ ಉಣ್ಣುವುದಿಲ್ಲ. ಈ ಕಟ್ಟಳೆಯನ್ನು ನಾನು ಮದುವೆಯಾದ ದಿನದಿಂದ ಬೈಯುತ್ತಲೇ ಬಂದಿದ್ದೇನೆ. ಎರಡು ಬೋಗುಣಿಗೂ ನೀರು ಹೊರುವವಳು ನಾನಲ್ಲವೆ.

ಹೋರಿಯಾ ಪಿತ್ಸಾಳ ಹಸಿರು ಲಂಗದ ಮುಂದೆ ನಿಂತುಬಿಟ್ಟ. ಅದರ ಅಂಚಿನಲ್ಲಿ ಏಳು ದುಂಡನೆಯ ಕೆಂಪು ತೇಪೆಗಳಿದ್ದವು. ಒಂದು ಮೇಲೆ, ಎರಡು ಕೆಳಗೆ, ಮೂರು ಒಂದು ಮೂಲೆಯಲ್ಲಿ ಗುಂಪಾಗಿ, ಒಂದು ಎಲ್ಲೋ ದೂರದಲ್ಲಿ. ಪಿತ್ಸಾ ಜೀವಮಾನವೆಲ್ಲ ಕುಲುಮೆಯ ಪಕ್ಕ ಕೂತು ತಿದಿ ಒತ್ತಿದವಳು. ಕಿಡಿ ಹಾರಿ ಲಂಗ ಸುಡುತ್ತಿತ್ತು. ಸುಟ್ಟಲ್ಲಿ ತೇಪೆ ಹಾಕುತ್ತಿದ್ದಳು. ಲಂಗ ಹಳತಾದರೆ ಹೊಸದಕ್ಕೂ ಅದೇ ಜಾಗದಲ್ಲಿ ತೂತು ಬೀಳುತ್ತಿತ್ತು, ಯಾಕೆಂದರೆ ಅವಳು ಕೂರುವ ಜಾಗ ಬದಲಾಗುತ್ತಿರಲಿಲ್ಲ.

“ಒಂದು ಕ್ರಮ ಇಲ್ಲ, ಆದ್ರೂ ಎಷ್ಟು ಚೆನ್ನಾಗಿ ಕೂತಿವೆ!” ಎಂದು ಹೋರಿಯಾ ಫೋಟೋ ತೆಗೆದ. ಸಾಲದೆ, ಬಿಸಿಲು ಹೇಗೆ ತೂರಿ ಬರುತ್ತದೆ ನೋಡಬೇಕೆಂದು ಲಂಗವನ್ನು ಎತ್ತಿ ತಲೆಯ ಮೇಲೆ ಹೊದ್ದುಕೊಂಡ.

ನನ್ನ ಗಂಡ ಇಸ್ಪಾಸ್ ಅದನ್ನು ಕಂಡು ಅಯ್ಯೋ ಎಂದು ಮುಖ ತಿರುಗಿಸಿ ಓಡಿದ.

“ಹೇಳ್ಬುಡೋಣ್ವಾ ಅತ್ತೆ?” ಎಂದು ನಾನು ನಮ್ಮ ಮಾತಿನಲ್ಲಿ ಕೇಳಿದೆ.

“ಬುಡೇ ಸವೇತಾ,” ಎಂದಳು ಪಿತ್ಸಾ. “ಇದೇನು ಅಂತ ಅವ್ನು ಕೇಳಿದ್ನಾ? ಕೇಳ್ದೆ ಇದ್ದೋನಿಗೆ ಏನು ಹೇಳೋದು.”

ಅವನು ಕೇಳಲೇ ಇಲ್ಲ. ಜೀಪು ಹತ್ತಿ ಹೋದ.

ಚೌಕದಲ್ಲಿ ಲಾಂಛನ ಬಿಡುಗಡೆಯಾದ ದಿನ ನಾವು ಫೋನಿನಲ್ಲಿ ಕಂಡದ್ದು ಅದನ್ನೇ. ಹಸಿರಿನ ಮೇಲೆ ಏಳು ಕೆಂಪು ಚುಕ್ಕೆ, ಅದೇ ಜಾಗ, ಅದೇ ಸೊಟ್ಟ. ಹೋರಿಯಾ ಮೈಕು ಹಿಡಿದು ಹೇಳಿದ: ಇದು ಬೆಟ್ಟದ ಹಳ್ಳಿಯ ಒಬ್ಬ ರೈತ ಅಜ್ಜಿಯ ಊಟದ ಮೇಜಿನ ಹಾಸಿನಿಂದ ಬಂದ ವಿನ್ಯಾಸ. ಏಳು ಚುಕ್ಕೆಗಳು ಈ ಸೀಮೆಯ ಏಳು ಜನಾಂಗಗಳು. ಬೆರಳು ಮಡಿಸುತ್ತ ಎಣಿಸಿದ. ರೊಮೇನಿಯನ್ನರು, ಹಂಗೇರಿಯನ್ನರು, ಜರ್ಮನ್ನರು, ಸೆರ್ಬರು, ಯೆಹೂದ್ಯರು, ಅರ್ಮೇನಿಯನ್ನರು. ಒಂದು ಚುಕ್ಕೆ ಉಳಿಯಿತು. ನಾವು ಉಸಿರು ಹಿಡಿದು ಕೂತೆವು. “ಗ್ರೀಕರು,” ಎಂದ.

“ಗ್ರೀಕರಾ?” ಝಂಬೀಲಾ ಕೂಗಿದಳು. “ಎಲ್ಲವ್ರೆ ಗ್ರೀಕರು? ನಾನು ಹುಟ್ಟಿದ್ ಲಾಗಾಯ್ತು ಒಬ್ಬ ಗ್ರೀಕನ್ನ ನೋಡಿಲ್ಲ ಈ ಸೀಮೇಲಿ!”

ಆಮೇಲೆ ಮೇಯರ್ ಬಾವುಟದ ಅಂಚು ಹಿಡಿದು ಮುತ್ತಿಟ್ಟ. ಚುಕ್ಕೆಯ ಟೋಪಿ ತಲೆಗೇರಿಸಿದ. ಚುಕ್ಕೆಯ ಕಪ್ಪಿನಲ್ಲಿ ಕಾಫಿ ಕುಡಿದ. ನಾವು ಬಿದ್ದು ಬಿದ್ದು ನಕ್ಕೆವು. ಊರಾಚೆ ಎಸೆದರಲ್ಲ ನಮ್ಮನ್ನು, ಕೊಳಕು ಎಂದು. ಈಗ ನಮ್ಮಲ್ಲೇ ಅತಿ ಮೈಲಿಗೆಯಾದದ್ದು ಅವರ ತಲೆಯ ಮೇಲೆ ಕೂತಿತ್ತು.

ಪಿತ್ಸಾ ಮಾತ್ರ ನಗಲಿಲ್ಲ. ಲಂಗದ ಮೇಲಿನ ತೇಪೆಯನ್ನು ಬೆರಳಲ್ಲಿ ಸವರುತ್ತಿದ್ದಳು.

“ಈ ಒಂಟಿ ಐತಲ್ಲ, ಈ ಜಾಗದಾಗೆ ಮೊದ್ಲು ಕಿಡಿ ಬಿದ್ದಿದ್ದು ಇಸ್ಪಾಸ್ ಹೊಟ್ಟೇಲಿದ್ದಾಗ. ತೊಡೆ ಮಾಂಸ ಬೆಂದೋಗಿತ್ತು. ತಿದಿ ಬುಟ್ಟು ಏಳೋಹಂಗಿರ್ಲಿಲ್ಲ, ತಾಮ್ರ ಕಾದಿತ್ತು. ಅದನ್ನ ಗ್ರೀಕರಿಗೆ ಕೊಟ್ಬುಟ್ರಲ್ಲೇ. ನನ್ನ ಲಂಗದಾಗೆ ನನಗೇ ಜಾಗ ಇಲ್ವಾ?”

ನಗು ನಿಂತಿತು. ನನ್ನ ಸಿಟ್ಟನ್ನು ಎಲ್ಲಿಗೆ ಒಯ್ಯಬೇಕೋ ತಿಳಿಯಲಿಲ್ಲ.

ವಸಂತ ಬಂತು. ತೀರ್ಪುಗಾರರು ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಬರುತ್ತಾರೆ, ನಮ್ಮ ಮುಂದಿನ ಹೆದ್ದಾರಿಯಲ್ಲೇ ಬರುತ್ತಾರೆ ಎಂದು ಸುದ್ದಿಯಾಯಿತು. ಮರುದಿನವೇ ಆಳುಗಳು ಬಂದು ಕಬ್ಬಿಣದ ಕಂಬ ನೆಟ್ಟರು. ಕಂಬದಿಂದ ಕಂಬಕ್ಕೆ ದಪ್ಪ ಬಟ್ಟೆಯ ಗೋಡೆ ಬಿಗಿದರು, ಎರಡಾಳೆತ್ತರ. ನಾವೂ ಕಾಣಬಾರದು, ಗುಡ್ಡವೂ ಕಾಣಬಾರದು. ಗೋಡೆಯ ಉದ್ದಕ್ಕೂ ಪಿತ್ಸಾಳ ಲಂಗ. ಒಂದೊಂದು ಚುಕ್ಕೆ ಗಾಡಿಯ ಚಕ್ರಕ್ಕಿಂತ ದೊಡ್ಡದು. ಗೋಡೆ ನಮಗೂ ನಲ್ಲಿಗೂ ನಡುವೆ ನಿಂತಿತು.

ಒಂದೇ ಕಡೆ ಬಾಗಿಲು ಬಿಟ್ಟಿದ್ದರು. ಕಡಾಯಿಗೆ ಗಿರಾಕಿ ಕಡಿಮೆಯಾದ ಮೇಲೆ ನಮ್ಮ ಗಂಡಸರು ಊರಿನ ಕಸದ ಲಾರಿಗೆ ಹೋಗುತ್ತಾರೆ, ಅವರಿಗಾಗಿ. ಬಾಗಿಲ ಮೇಲೆ ಕಮಾನು, ಕಮಾನಿನಿಂದ ಇಳಿಬಿದ್ದ ಲಾಂಛನದ ಬಟ್ಟೆ. ಕಾವಲಿಗೆ ದನುತ್ಸ್ ಎಂಬ ಪೊಲೀಸು. ಅವನು ಚಿಕ್ಕವನಿದ್ದಾಗ ನಮ್ಮ ಹಳೇ ಬೀದಿಯ ಮಗ್ಗುಲಲ್ಲೇ ಆಡಿ ಬೆಳೆದವನು.

“ಕೆಲಸಕ್ಕೆ ಹೋಗೋ ಗಂಡಸರು ಮಾತ್ರ,” ಎಂದ. “ಹೆಂಗಸ್ರು ಮಕ್ಕಳು ರಸ್ತೇಲಿ ಕಾಣಂಗಿಲ್ಲ. ಮೇಲಿಂದ ಆರ್ಡರ್.”

“ನೀರು?” ಎಂದೆ.

“ಗುಡ್ಡ ಸುತ್ಕೊಂಡು ಆಚೆ ಹಳ್ಳಿ ಬಾವಿಗೆ ಹೋಗ್ರಮ್ಮ. ಟ್ಯಾಂಕರ್ ಬರುತ್ತಂತೆ.”

ಟ್ಯಾಂಕರ್ ಬರಲಿಲ್ಲ. ಗುಡ್ಡ ಸುತ್ತಿದೆವು. ಗುಡ್ಡದ ಹಿಂದೆ ಕಸ ಕೊಳೆತು ಇಳಿಯುವ ಕಪ್ಪು ರಸ, ಮೊಣಕಾಲವರೆಗೆ. ಹೋಗಿ ಬರುವಷ್ಟರಲ್ಲಿ ಅರ್ಧ ದಿನ. ವಾಪಸು ಬರುವಾಗ ಪಿತ್ಸಾ ಜಾರಿ ಬಿದ್ದಳು. ಎರಡೂ ಕ್ಯಾನಿನ ನೀರು ಚೆಲ್ಲಿತು. ಅವಳು ಏಳಲಿಲ್ಲ. ಆ ರಸದಲ್ಲೇ ಕೂತು ಖಾಲಿ ಕ್ಯಾನನ್ನು ನೋಡುತ್ತಿದ್ದಳು. ನಾನು ಅವಳನ್ನು ಬೆನ್ನ ಮೇಲೆ ಹೊತ್ತು ತಂದೆ. ದಾರಿಯುದ್ದಕ್ಕೂ ಅಳುತ್ತಲೇ ಬಂದೆ.

ಗಂಡಸರಿಗೆ ಬೇರೆಯೇ ಸಂಕಟ ಬಂದಿತ್ತು. ಗೋಡೆ ಎದ್ದ ಮರುದಿನ ಬೆಳಿಗ್ಗೆ ಕೆಲಸಕ್ಕೆಂದು ಬಾಗಿಲ ಹತ್ತಿರ ಹೋದವರು ಅಲ್ಲೇ ನಿಂತರು. ಆಚೆ ಲಾರಿ ಹಾರ್ನು ಹೊಡೆಯಿತು. ಇಸ್ಪಾಸ್ ತಲೆಯೆತ್ತಿ ನೋಡಿದ.

“ಅದು ನಮ್ಮವ್ವಂದಲ್ವಾ?”

ಒಬ್ಬರೂ ಕಾಲು ಮುಂದಿಡಲಿಲ್ಲ. ಹಿರಿಯ ಫರ್ದಿ ಅಲ್ಲೇ ನೆಲದ ಮೇಲೆ ಪಂಚಾಯಿತಿ ಕೂರಿಸಿದ. ದೊಡ್ಡ ಹೊಟ್ಟೆ, ದೊಡ್ಡ ಮೀಸೆ, ಅವನ ಮಾತೇ ಕೊನೆ. ಅದು ಲಂಗವೋ ಲಂಗದ ಚಿತ್ರವೋ ಎಂದು ಚರ್ಚೆ ಎದ್ದಿತು. ಚಿತ್ರಕ್ಕೆ ಮೈಲಿಗೆ ಇಲ್ಲ ಎಂದ ಒಬ್ಬ. ಬಟ್ಟೆ ಮೇಲೆ ಇದ್ದರೆ ಅದು ಬಟ್ಟೆಯೇ ಎಂದ ಇನ್ನೊಬ್ಬ. ಹಾಗಾದರೆ ಗ್ರೀಕರ ಮೇಜಿನ ಹಾಸು ಎಂದುಕೊಂಡು ದಾಟಿಬಿಡೋಣ ಎಂದ ಮೂರನೆಯವನು. ಪಿತ್ಸಾಳನ್ನು ಕರೆಸಿದರು. ಕುಂಟುತ್ತ ಬಂದಳು.

“ಇದು ನಿಂದೇನಾ ಅಕ್ಕಾ?” ಎಂದ ಫರ್ದಿ.

“ನಂದೇ. ಸುಟ್ಟಿದ್ದು ನಂದು, ಹೊಲಿದಿದ್ದು ನಂದು. ನುಗ್ಗೋರು ನುಗ್ರಿ.”

ಗಂಡಸರು ಮನೆಗೆ ಬಂದು ಕೂತರು.

ಊರಿನಲ್ಲಿ ಕಸ ಎತ್ತುವವರಿಲ್ಲ. ಚೌಕದ ಡಬ್ಬಗಳು ತುಂಬಿ ಉಕ್ಕಿದವು. ‘ತಾಮ್ರದ ಕಡಾಯಿ’ಯ ಬಾಗಿಲಲ್ಲಿ ಮೀನಿನ ತಲೆಗಳು ನಾರಿದವು, ನಾಯಿಗಳು ಚೀಲ ಹರಿದು ಬೀದಿ ತುಂಬ ಎಳೆದಾಡಿದವು. ಅಲ್ಲಿಂದ ಬಂದವರು ಹೇಳಿದ್ದನ್ನು ಕೇಳಿ ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸ್ಮರಾಂದಾ ಮೇಡಂ ಓಡಿ ಬಂದಳು. ಈ ಸಲ ಮೂಗಿಗೆ ವಸ್ತ್ರ ಇರಲಿಲ್ಲ. ಊರಿನ ನಾತಕ್ಕಿಂತ ನಮ್ಮದೇ ವಾಸಿ ಅನಿಸಿರಬೇಕು.

“ನಾಳೆ ತೀರ್ಪುಗಾರರು ಬರ್ತಾರೆ. ಇದೇನು ನಿಮ್ಮ ಹಟ?”

“ಹೆಂಗಸಿನ ಲಂಗದ ಕೆಳಗೆ ನಾವು ತೂರಲ್ಲ ಮೇಡಮ್ಮೋರೆ,” ಎಂದ ಫರ್ದಿ.

“ಎಲ್ಲಿದೆ ಲಂಗ?”

ಫರ್ದಿ ಬೆರಳು ತೋರಿಸಿದ. ಮೇಡಂ ಕಮಾನು ನೋಡಿದಳು. ಪಿತ್ಸಾಳ ಕಡೆ ನೋಡಿದಳು. ಮತ್ತೆ ಕಮಾನು ನೋಡಿದಳು. ಅವಳ ಕತ್ತಿನಲ್ಲೂ ಅದೇ ಏಳು ಚುಕ್ಕೆಯ ವಸ್ತ್ರ ಇತ್ತು. ಮೆಲ್ಲಗೆ ಬಿಚ್ಚಿ ಚೀಲಕ್ಕೆ ತುರುಕಿದಳು.

“ಇದನ್ನ ಯಾರಿಗೂ ಹೇಳ್ಬೇಡಿ,” ಎಂದಳು. “ಕಮಾನಿನ ಬಟ್ಟೆ ತೆಗೆಸ್ತೀನಿ. ಗೋಡೆ ಇರುತ್ತೆ. ಆಯ್ತಾ?”

ಬಟ್ಟೆ ಇಳಿಯಿತು. ಮೈಲಿಗೆ ಕಳೆಯಿತು ಎಂದು ಫರ್ದಿ ಮೀಸೆ ತಿರುವಿದ. ಗಂಡಸರು ಎದ್ದು ಹೊರಟರು.

“ನೀರು?” ಎಂದೆ ನಾನು.

“ಅದು ಹೆಂಗಸ್ರ ವಿಷ್ಯ. ಪಂಚಾಯ್ತಿಗೆ ಬರಲ್ಲ.”

“ದಿನಾ ಬೆಳಿಗ್ಗೆ ಆ ಮೀಸೆ ತೊಳ್ಕೊತೀಯಲ್ಲ ಮಾವ, ಅದು ಯಾರ ವಿಷ್ಯ?”

ಗಂಡಸರದು ಮುಗಿಯಿತಲ್ಲ, ಲಾರಿ ಹತ್ತಿದರು. ಇಸ್ಪಾಸ್ ನನ್ನ ಮುಖ ನೋಡದೆ ಹೋದ. ಗಾಜೆಗಳ ಮೇಲಿನ ನನ್ನ ಸಿಟ್ಟಿಗೆ ಇವರ ಮೇಲಿನದೂ ಸೇರಿಕೊಂಡಿತು.

ಮರುದಿನ ಬೆಳಿಗ್ಗೆ ಹನಿ ನೀರಿರಲಿಲ್ಲ. ಝಂಬೀಲಾಳ ಕೂಸಿನ ತುಟಿ ಒಡೆದಿತ್ತು. ಪಿತ್ಸಾಗೆ ಗುಡ್ಡ ಸುತ್ತುವ ಶಕ್ತಿ ಇರಲಿಲ್ಲ. ಗೋಡೆಯ ಮುಂದೆ ಕೂತು ತನ್ನ ಲಂಗದ ಚಿತ್ರವನ್ನೇ ನೋಡುತ್ತಿದ್ದಳು.

“ಸವೇತಾ, ಆ ತೇಪೆ ಕೆಳಗೆ ಏನಿತ್ತು ಹೇಳು?”

“ತೂತು.”

“ಮತ್ತೆ ಇವ್ರು ಬರೀ ತೇಪೆ ತಂದವ್ರೆ. ತೂತು ಎಲ್ಲಿ?”

ನಾನು ಅವಳ ಮುಖ ನೋಡಿದೆ. ಕಣ್ಣು ನಗುತ್ತಿತ್ತು. ಗುಡಿಸಲಿಗೆ ಓಡಿ ಇಸ್ಪಾಸನ ಕತ್ತರಿ ತಂದೆ. ತಾಮ್ರದ ತಗಡು ಕತ್ತರಿಸುವ ಕತ್ತರಿ, ಹಿಡಿ ನನ್ನ ಮೊಳಕೈಯಷ್ಟು ಉದ್ದ. ಕಡಾಯಿಯ ತಳಕ್ಕೆ ದುಂಡು ತಗಡು ಕತ್ತರಿಸಿ ಕೊಡುವವರು ನಾವು ಹೆಂಗಸರೇ. ದುಂಡಗೆ ಕತ್ತರಿಸುವುದು ನಮ್ಮ ಕೈಗೆ ಹೊಸದಲ್ಲ. ಝಂಬೀಲಾ ಇನ್ನೊಂದು ಕತ್ತರಿ ತಂದಳು. ಉಳಿದವರೂ ಬಂದರು.

ದನುತ್ಸ್ ಓಡಿ ಬಂದ. “ಏಯ್, ಏನ್ ಮಾಡ್ತಿದೀರಾ? ಸರ್ಕಾರಿ ಆಸ್ತಿ ಅದು!”

“ನನ್ನ ಲಂಗ ಕಣೋ,” ಎಂದಳು ಪಿತ್ಸಾ. “ನೀನು ಚಡ್ಡಿ ಇಲ್ದೆ ನಮ್ ಕುಲುಮೆ ಮುಂದೆ ಓಡಾಡ್ತಿದ್ದಾಗ್ಲಿಂದ ಇದೇ ಲಂಗ. ಗುರುತಾಗ್ಲಿಲ್ವಾ? ಹತ್ರ ಬಾ, ತೋರಿಸ್ತೀನಿ.” ಅಂಚನ್ನು ಒಂದು ಗೇಣು ಎತ್ತಿದಳು.

ಅವನು ಹಾವು ಕಂಡವನಂತೆ ಹಿಂದೆ ಹಾರಿದ. ನಮ್ಮ ಗಂಡಸರು ಇದಕ್ಕೆ ಎಷ್ಟು ಹೆದರುತ್ತಾರೆ ಎಂದು ಅವನು ಕಂಡು ಬೆಳೆದಿದ್ದ. ಯಾಕೆ ಹೆದರುತ್ತಾರೆ ಎಂದು ಗೊತ್ತಿಲ್ಲದ್ದಕ್ಕೆ ಇನ್ನೂ ಜಾಸ್ತಿ ಹೆದರಿದ.

ನಲ್ಲಿಯ ಎದುರಿನ ಏಳು ಚುಕ್ಕೆಗಳನ್ನೂ ಕತ್ತರಿಸಿದೆವು. ಮೇಲಿನದಕ್ಕೆ ಕೈ ಎಟುಕಲಿಲ್ಲ. ಮೇಯರನ ಭಾವಮೈದುನ ಗುಟ್ಟಾಗಿ ಹೇಳಿ ಮಾಡಿಸಿದ್ದ ಸಾರಾಯಿ ಕಡಾಯಿ ಅಂಗಳದಲ್ಲಿತ್ತು. ಅದನ್ನು ಬೋರಲು ಹಾಕಿ ಝಂಬೀಲಾ ಲಂಗ ಹರವಿಕೊಂಡು ಮೇಲೆ ಹತ್ತಿದಳು.

“ಈ ಸಲದ ಸಾರಾಯಿಗೆ ಒಳ್ಳೆ ರುಚಿ ಬತ್ತದೆ,” ಎಂದಳು.

ಕೊನೆಯ ಚುಕ್ಕೆ ನೆಲಕ್ಕೆ ಬಿತ್ತು. ಆಚೆ ನಲ್ಲಿ ಕಂಡಿತು. ಕೆಳಗಿನ ದೊಡ್ಡ ತೂತಿನಲ್ಲಿ ಕ್ಯಾನು ಹಿಡಿದು ಒಬ್ಬರ ಹಿಂದೆ ಒಬ್ಬರು ನುಸುಳಿದೆವು. ರಸ್ತೆಯ ನಡುವೆ ಇದ್ದಾಗ ಬಸ್ಸು ಬಂತು.

ಬಸ್ಸಿನ ಮೈಮೇಲೂ ಏಳು ಚುಕ್ಕೆ. ಹಾರ್ನು ಹೊಡೆಯಿತು. ನಾವು ಜೋರಾಗಿ ನಡೆಯಲಿಲ್ಲ, ನಿಲ್ಲಲೂ ಇಲ್ಲ. ದಿನಾ ನಡೆಯುವಂತೆ ನಡೆದೆವು. ನೀರು ಹಿಡಿದೆವು. ಮೊದಲು ಕೂಸಿಗೆ ಕುಡಿಸಿದೆವು. ಬಸ್ಸಿನ ಬಾಗಿಲು ತೆರೆದು ತೀರ್ಪುಗಾರರು ಇಳಿದರು. ಅವರ ಹಿಂದೆ ಟೋಪಿ ಹಾಕಿದ ಮೇಯರ್, ಸುಣ್ಣದಂತೆ ಬಿಳಿಚಿಕೊಂಡ ಸ್ಮರಾಂದಾ, ಕಪ್ಪು ಬಟ್ಟೆಯ ಹೋರಿಯಾ.

ನರೆಗೂದಲಿನ ಒಬ್ಬ ತೀರ್ಪುಗಾರ ಹೆಂಗಸು ಗೋಡೆಯ ಹತ್ತಿರ ಹೋಗಿ ಒಂದು ತೂತಿನಲ್ಲಿ ಇಣುಕಿದಳು. ಗುಡಿಸಲು, ಕುಲುಮೆಯ ಹೊಗೆ, ಕಸದ ಗುಡ್ಡ, ಅದರ ಮೇಲೆ ಹಾರುವ ಕಾಗೆಗಳು, ಎಲ್ಲ ಕಂಡಿರಬೇಕು. ತಿರುಗಿ ಏನೋ ಕೇಳಿದಳು.

“ಈ ವೃತ್ತಗಳು ಯಾಕೆ ಇಲ್ಲ ಅಂತ ಕೇಳ್ತಿದಾರೆ,” ಎಂದು ಸ್ಮರಾಂದಾ ಪಿಸುಗುಟ್ಟಿದಳು.

ಹೋರಿಯಾ ಒಂದು ಕ್ಷಣವೂ ತಡವರಿಸಲಿಲ್ಲ. “ಇದು ವಿನ್ಯಾಸದ ಭಾಗ. ಶೂನ್ಯ ಅಂದ್ರೆ ಮುಕ್ತತೆ.”

ಪಿತ್ಸಾ ಕ್ಯಾನು ಕೆಳಗಿಟ್ಟಳು. ಕುಂಟುತ್ತ ಗೋಡೆಯ ಪಕ್ಕಕ್ಕೆ ಹೋಗಿ ಲಂಗವನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು ನಿಂತಳು. ಒಂದು ಮೇಲೆ, ಎರಡು ಕೆಳಗೆ, ಮೂರು ಮೂಲೆಯಲ್ಲಿ, ಒಂದು ದೂರ. ನರೆಗೂದಲಿನವಳು ಲಂಗ ನೋಡಿದಳು, ಗೋಡೆ ನೋಡಿದಳು, ಹೋರಿಯಾನನ್ನು ನೋಡಿದಳು. ಅವನು ತನ್ನ ಬೂಟು ನೋಡಿಕೊಂಡ.

ಪಿತ್ಸಾ ಮೇಯರನ ಕಡೆ ತಿರುಗಿದಳು. ಅವನಿಗೆ ಅರ್ಥವಾಗುವ ಭಾಷೆಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು: “ತಲೆ ಮೇಲಿಂದ ನನ್ನ ಲಂಗ ತೆಗಿಯಪ್ಪ ಮಗಾ. ಇಷ್ಟು ಜನದ ಮುಂದೆ ನನಗೆ ನಾಚ್ಕೆ ಆಯ್ತದೆ.”

ಮೇಯರನ ಕೈ ತಾನಾಗಿ ಟೋಪಿಗೆ ಹೋಯಿತು.

ತಿಮಾವಕ್ಕೆ ಬಿರುದು ಸಿಗಲಿಲ್ಲ. ಬೇರೆ ಯಾವುದೋ ಊರಿಗೆ ಹೋಯಿತು. ನಮ್ಮಿಂದಲೇ ಹೋಯಿತು ಎಂದು ಊರಿನವರು ಇವತ್ತಿಗೂ ಶಾಪ ಹಾಕುತ್ತಾರೆ. ನಾನು ಅಲ್ಲ ಅನ್ನುವುದಿಲ್ಲ.

ವಾರ ಕಳೆದ ಮೇಲೆ ಸ್ಮರಾಂದಾ ಮೇಡಂ ದನುತ್ಸನನ್ನು ಕರೆದುಕೊಂಡು ಬಂದಳು. ಗೋಡೆಯನ್ನು ಕೀಳುವುದಿಲ್ಲವಂತೆ, ಹೆದ್ದಾರಿಗೆ ಅದೇ ಚೆಂದವಂತೆ. ಕತ್ತರಿಸಿದ ಚುಕ್ಕೆಗಳು ಪುರಸಭೆಯ ಸ್ವತ್ತು, ವಾಪಸು ಕೊಡಬೇಕು, ಹೊಲಿದು ಮುಚ್ಚುತ್ತಾರೆ. ದನುತ್ಸ್ ದೊಡ್ಡ ತೂತಿಗೆ ಅಡ್ಡವಾಗಿ ನಿಂತ.

ಏಳು ಮನೆಯ ಬಾಗಿಲಲ್ಲಿ ಏಳು ಹೆಂಗಸರು ಕೂತಿದ್ದರು. ಒಬ್ಬೊಬ್ಬರ ಕೆಳಗೂ ಒಂದೊಂದು ಕೆಂಪು ಚುಕ್ಕೆ.

“ತಗೊಂಡೋಗಿ ಮೇಡಮ್ಮೋರೆ,” ಎಂದಳು ಪಿತ್ಸಾ, ಕೂತಲ್ಲೇ ಕಾಲು ಚಾಚಿ. “ನನ್ನ ಅಡೀಲೇ ಐತೆ. ಎಳ್ಕೊಳ್ಳಿ. ಆಮೇಲೆ ಅದನ್ನೇ ಬಾವುಟ ಮಾಡ್ಕೊಳ್ಳಿ.”

ಮೇಡಂ ದನುತ್ಸನ ಕಡೆ ನೋಡಿದಳು. “ಹೋಗು, ಎತ್ತು.”

ಅವನು ಅಲುಗಾಡಲಿಲ್ಲ. “ನಾನ್ ಮುಟ್ಟಲ್ಲ ಮೇಡಂ,” ಎಂದ. “ಕೆಲಸ ಹೋದ್ರೂ ಪರ್ವಾಗಿಲ್ಲ.”

ನಾನು ಎರಡು ಕೈಯಲ್ಲೂ ಖಾಲಿ ಕ್ಯಾನು ಹಿಡಿದು ಅವನ ಎದುರಿಗೆ ಹೋಗಿ ನಿಂತೆ. ನನ್ನ ಹಿಂದೆ ಝಂಬೀಲಾ ನಿಂತಳು. ಅವಳ ಹಿಂದೆ, ಮೊದಲ ಸಲ, ತಲೆ ತಗ್ಗಿಸಿಕೊಂಡು, ಕೈಗೊಂದು ಕ್ಯಾನು ಹಿಡಿದು ಇಸ್ಪಾಸ್ ನಿಂತಿದ್ದ. ತೂತಿನ ಹತ್ತಿರ ಬಂದಾಗ ಅವನು ಒಮ್ಮೆ ತಲೆಯೆತ್ತಿ ಗೋಡೆಯ ಮೇಲಿನ ಅವ್ವನ ಲಂಗವನ್ನು ನೋಡಿದ, ಬೆವರಿದ, ಆದರೆ ಹಿಂದೆ ಸರಿಯಲಿಲ್ಲ.

“ದಾರಿ ಬುಡು ಸಾಹೇಬಾ,” ಎಂದೆ. “ನೀರು ತರ್ಬೇಕು.”

ದನುತ್ಸ್ ಪಕ್ಕಕ್ಕೆ ಸರಿದ. ನಾವು ಒಬ್ಬೊಬ್ಬರಾಗಿ ಬಗ್ಗಿ ಪಿತ್ಸಾಳ ಲಂಗದ ತೂತಿನಲ್ಲಿ ದಾಟಿದೆವು.